ಅನಿಯ ಚೆಂಡಿನ ಸದ್ದು

ಈ ವಾರ ಚಳಿ ಶುರುವಾಯಿತು. ಅಂಗಡಿಯ ಹೀಟರ್ ಹಚ್ಚಿದೆ. ಬಿಸಿಗಾಳಿ ಮೂಲೆಯ ಕಂಪ್ರೆಸರ್‌ನ ಹಿಂದಕ್ಕೆ ಹೋಗಿ ತಟ್ಟಿದ್ದೇ ತಡ, ರಬ್ಬರಿನ ವಾಸನೆ ಎದ್ದಿತು. ಕಾರು ರಿಪೇರಿ ಅಂಗಡಿಯಲ್ಲಿ ರಬ್ಬರಿನ ವಾಸನೆಯಲ್ಲದೆ ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದು ನೀವು ಕೇಳಬಹುದು. ಆದರೆ ಟೈರಿನ ವಾಸನೆ ಬೇರೆ, ಚೆಂಡಿನ ವಾಸನೆ ಬೇರೆ. ಚೆಂಡಿನದರಲ್ಲಿ ಮನುಷ್ಯರ ಬೆವರೂ ಸೇರಿರುತ್ತದೆ.

ಅಲ್ಲಿ ಒಂದು ಬಾಸ್ಕೆಟ್‌ಬಾಲ್ ಇದೆ. ಒಂದು ಕಡೆ ತಗ್ಗಾಗಿ, ಧೂಳು ಹಿಡಿದು, ಗಾಳಿ ತುಂಬುವ ಯಂತ್ರದ ಪಕ್ಕದಲ್ಲೇ ವರ್ಷಗಟ್ಟಲೆ ಗಾಳಿಯಿಲ್ಲದೆ ಕೂತಿದೆ. ಅದರೊಳಗಿರುವುದು ಚೆಂಡಿನ ಯಜಮಾನ ಅನಿ ತುಂಬಿದ ಗಾಳಿ, ಅದರ ಮೇಲೆ ನನ್ನ ಗಾಳಿ ತುಂಬುವುದು ಹೇಗೆ ಎಂದು ನಾನು ಮುಟ್ಟಿರಲಿಲ್ಲ. ಅವನು ತುಂಬಿದ್ದು ಯಾವತ್ತೋ ಸೋರಿಹೋಗಿರುತ್ತದೆ ಎನ್ನುವುದು ಮೂವತ್ತು ವರ್ಷ ಟೈರಿನ ಜೊತೆ ಬಾಳಿದವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅದನ್ನು ನೋಡುತ್ತಾ ನಿಂತಿದ್ದಾಗಲೇ ಶಿಕಾಗೋ ಕಡೆಯಿಂದ ಫೋನು ಬಂತು. ಅಲ್ಲಿಯ ಕನ್ನಡದವರ ಸಂಘದ ಕಾರ್ಯದರ್ಶಿ, ಸುಧಾ ಎನ್ನುವ ಹೆಣ್ಣುಮಗಳು. ಮುಂದಿನ ಶನಿವಾರ ಶಿಕಾಗೋ ಪಕ್ಕದ ಅರೋರಾದಲ್ಲಿ ಅನಿಯ ನೆನಪಿಗೆ ಒಂದು ಕಾರ್ಯಕ್ರಮ, ಅವನ ಸಿನಿಮಾ ತೋರಿಸುತ್ತಾರೆ, ನಾನು ಎರಡು ನಿಮಿಷ ಮಾತಾಡಬೇಕು. "ಸ್ವಲ್ಪ ಎಮೋಷನಲ್ ಆಗಿರ್ಲಿ ಅಂಕಲ್" ಎಂದಳು. ಕಾರ್ಯಕ್ರಮಕ್ಕೆ ಏನು ಹೆಸರು ಎಂದು ಕೇಳಿದೆ. 'ಅರಳುವ ಮುನ್ನ ಬಾಡಿದ ಹೂವು' ಅಂತೆ. ಆಮೇಲೆ ಮಾಡುತ್ತೇನಮ್ಮ ಎಂದು ಫೋನಿಟ್ಟೆ. ಇಡದಿದ್ದರೆ ನನ್ನ ಬಾಯಿಂದ ಬರುತ್ತಿದ್ದ ಮಾತು ಆ ಮಗುವಿಗೆ ಒಪ್ಪುವಂಥದ್ದಾಗಿರುತ್ತಿರಲಿಲ್ಲ.

ಬಾಡಿದ ಹೂವಂತೆ. ನೀವೇ ಕೇಳಿ, ಆಮೇಲೆ ಹೇಳಿ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಸನದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡು ಸೇರಿದೆ, ಅಲ್ಲಿಂದ ದುಬೈ, ಅಲ್ಲಿಂದ ಡೆಟ್ರಾಯಿಟ್. ಡಿಯರ್‌ಬಾರ್ನ್‌ನಿಂದ ಎರಡು ಎಕ್ಸಿಟ್ ಆಚೆ ನನ್ನದೇ ಅಂಗಡಿ ಹಾಕಿದೆ. ಬೋರ್ಡಿನ ಮೇಲೆ ನನ್ನ ಹೆಸರನ್ನು ಎಷ್ಟು ದೊಡ್ಡದಾಗಿ ಬರೆಸಿದ್ದೆನೆಂದರೆ, ಇಲ್ಲಿ ಏನು ಮಾರುತ್ತೀರಿ ಎಂದು ಜನ ಒಳಗೆ ಬಂದು ಕೇಳುತ್ತಿದ್ದರು. ಇರಲಿ, ದುಡಿದು ಹಾಕಿಸಿದ ಬೋರ್ಡು.

ಕಾರು ಕಂಪನಿಗಳು ನೆಲ ಕಚ್ಚಿದ ಆ ಕೆಟ್ಟ ವರ್ಷಗಳಲ್ಲಿ ನನ್ನ ಅಂಗಡಿ ಮಾತ್ರ ನಡೆಯಿತು. ಹೊಸ ಕಾರು ಕೊಳ್ಳುವವರು ಇಲ್ಲದ ಮೇಲೆ ಹಳೆಯ ಕಾರಿಗೆ ಮರ್ಯಾದೆ ಬರುತ್ತದೆ. ಅಕ್ಕಪಕ್ಕದ ಬೀದಿಗಳಲ್ಲಿ ಮನೆಗೊಂದರಂತೆ 'ಮಾರಾಟಕ್ಕಿದೆ' ಎನ್ನುವ ಹಲಗೆ ಎದ್ದಿತ್ತು. ನಮ್ಮ ಕನ್ನಡದವರಲ್ಲಿ ಯಾರ ಕೆಲಸ ಹೋಗಿದೆ ಎಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಕೇಳಿದರೆ ಎಲ್ಲರೂ 'ವರ್ಕ್ ಫ್ರಮ್ ಹೋಮ್'.

ಆ ಚಳಿಗಾಲದಲ್ಲಿ ಮೂರ್ತಿಯವರು ನನ್ನ ಅಂಗಡಿಗೆ ಬರತೊಡಗಿದರು. ಮೈಸೂರಿನವರು, ಬ್ರೇಕ್ ಇಂಜಿನಿಯರು. ಮೊದಲ ದಿನ ಆಯಿಲ್ ಬದಲಿಸಲು ಬಂದರು. ಮರುದಿನ ಟೈರ್ ನೋಡಿ ಎಂದರು. ಅದರ ಮರುದಿನ ನೆಪವೂ ಇಲ್ಲ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ, ಕೊರಳಲ್ಲಿ ಆಫೀಸಿನ ನೀಲಿ ಪಟ್ಟಿ. ಪಟ್ಟಿಯ ತುದಿ ಶರ್ಟಿನ ಜೇಬಿನೊಳಗೆ. ಅದರಲ್ಲಿ ಕಾರ್ಡು ಇರಲಿಲ್ಲ. "ಕಾರ್ಡ್ ಇಸ್ಕೊಂಡ್ರು ಭಾಯ್, ದಾರ ನಂಗೇ ಬಿಟ್ರು" ಎಂದು ಒಂದು ದಿನ ತಾವಾಗಿಯೇ ಹೇಳಿ ನಕ್ಕರು. ನಾನು ಚಹಾ ಕೊಟ್ಟೆ. ಬೆಳಗ್ಗೆ ಬಂದು ಐದರವರೆಗೆ ಗಿರಾಕಿಗಳ ಕುರ್ಚಿಯಲ್ಲಿ ಕೂತು ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ಮೃದಂಗ ಕಲಿತಿದ್ದರಂತೆ. ಮಗನಿಗೂ ಕಲಿಸಿದ್ದರು.

ಆ ಮಗನೇ ಅನಿರುದ್ಧ, ನಮ್ಮ ಅನಿ. ಶಿಕಾಗೋದಲ್ಲಿ ಸಿನಿಮಾ ಓದಿ, ಎಲ್ಲೂ ಕೆಲಸ ಸಿಗದೆ ಅಪ್ಪನ ಮನೆಗೆ ವಾಪಸಾಗಿದ್ದ. ಜನರ ಗೃಹಪ್ರವೇಶ, ನಾಮಕರಣಗಳ ವಿಡಿಯೋ ತೆಗೆಯುತ್ತಿದ್ದ. ಮನೆಗಳೇ ಬ್ಯಾಂಕಿನ ಪಾಲಾಗುತ್ತಿದ್ದಾಗ ಗೃಹಪ್ರವೇಶ ಎಲ್ಲಿಂದ ಬರಬೇಕು? ಆದರೂ ಅವನ ಗತ್ತು ಇಳಿದಿರಲಿಲ್ಲ. ಉದ್ದನೆಯ ಆಸಾಮಿ, ಕಂಕುಳಲ್ಲಿ ಸದಾ ಈ ಚೆಂಡು. ಯಾವ ಜಾಗದಲ್ಲಿ ಕ್ಯಾಮೆರಾ ಇಡಬೇಕಿದ್ದರೂ ಮೊದಲು ಚೆಂಡನ್ನು ನೆಲಕ್ಕೆ ಒಂದೇ ಒಂದು ಸಲ ಪುಟಿಸಿ, ತಲೆ ಓರೆ ಮಾಡಿ, ಸದ್ದು ಪೂರ್ತಿ ಅಡಗುವವರೆಗೆ ಕೇಳುತ್ತಿದ್ದ. ಆಮೇಲೆ ಮೈಕು, ಕೊನೆಗೆ ಕ್ಯಾಮೆರಾ. ಅವನು ಆಟಗಾರನೋ, ಸಂಗೀತಗಾರನೋ, ಸಿನಿಮಾದವನೋ ಎಂದು ನಾನು ತಮಾಷೆ ಮಾಡಿದರೆ, ಮೂರಕ್ಕೂ ಕಿವಿಯೇ ಬೇಕು ಅಂಕಲ್ ಎನ್ನುತ್ತಿದ್ದ. ಕಾರ್ಪೆಟ್ ಹಾಸಿದ ಮನೆಗಳೆಂದರೆ ಅವನಿಗೆ ಆಗದು. ಅಲ್ಲಿ ಎಲ್ಲ ಸದ್ದನ್ನೂ ಮುಚ್ಚಿಟ್ಟುಕೊಳ್ಳುತ್ತಾರೆ ಎಂದು ಅವನ ದೂರು.

ಒಂದು ದಿನ ಅವನ ಹಳೆಯ ವ್ಯಾನಿನ ಸೈಲೆನ್ಸರ್ ಕಳಚಿಬಿತ್ತು. ಗುಡುಗುಟ್ಟಿಕೊಂಡು ನನ್ನ ಅಂಗಡಿಗೆ ಬಂದ. ಬಾಗಿಲು ತೆಗೆದರೆ ಕುರ್ಚಿಯ ಮೇಲೆ, ಆಫೀಸಿನಲ್ಲಿರಬೇಕಾದ ಅಪ್ಪ. ಮೂರ್ತಿಯವರ ಬೆರಳು ಡಬ್ಬಿಯ ಮೇಲೆ ಹಾಗೇ ನಿಂತಿತು. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಕೆಳಗಿಡಲೂ ಧೈರ್ಯವಾಗಲಿಲ್ಲ, ಎಲ್ಲಿ ಸದ್ದಾದೀತೋ ಎಂದು. ಸದ್ದು ಮಾಡಿದವನು ಅನಿಯೇ. ಸಿಮೆಂಟು ನೆಲಕ್ಕೆ ಚೆಂಡನ್ನು ಒಂದು ಸಲ ಪುಟಿಸಿ, ಹಿಡಿದು, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತ.

"ಚಿತ್ರಾನ್ನನಾ ಅಪ್ಪ? ನಂಗೆ ಮನೇಲಿ ಉಪ್ಪಿಟ್ಟು ಹಾಕಿದ್ರು."

ಅಷ್ಟೇ. ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದರು. ಅವತ್ತು ಸಂಜೆ ಮೂರ್ತಿಯವರು ಮನೆಯಲ್ಲಿ ಹೇಳಿಬಿಟ್ಟರು. ಹೆಂಡತಿಗೆ ಮೊದಲ ವಾರವೇ ತಿಳಿದಿತ್ತಂತೆ. ಗಂಡ ತಾವಾಗಿ ಹೇಳಲಿ ಎಂದು ದಿನಾ ಡಬ್ಬಿ ಕಟ್ಟುತ್ತಿದ್ದರು.

ಅದನ್ನೇ ಸಿನಿಮಾ ಮಾಡುತ್ತೇನೆ ಎಂದು ಅನಿ ಹೊರಟ. ಮೂರ್ತಿಯವರು ಬೇಕಾದಷ್ಟು ದಿನ ಬೇಡವೆಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಕೈ ತೋರಿಸು, ಡಬ್ಬಿ ತೋರಿಸು, ಮುಖ ಬೇಡ. ಅನಿ ತನ್ನ ಪಾಡಿಗೆ ವೈರು ಸುತ್ತುತ್ತಾ ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ.

"ಮುಖ ಇಲ್ದೇ ತೆಗೆದ್ರೆ ನೀವೇನೋ ಕಳ್ಳತನ ಮಾಡಿರೋ ಥರ ಕಾಣತ್ತೆ. ಕೆಲಸ ತಾನೇ ಹೋಗಿರೋದು?"

ಮೂರ್ತಿಯವರು ಷರತ್ತು ಬಿಟ್ಟರು. ಹೀಗೆ ನನ್ನ ಅಂಗಡಿಯಲ್ಲಿ, ನನ್ನ ಕಂಪ್ರೆಸರ್ ಆರಿಸಿ ಆರಿಸಿ, ಆ ಸಿನಿಮಾ ಆಯಿತು. ನಾನೂ ಒಂದು ಕಡೆ ಬರುತ್ತೇನೆ. ಬೆನ್ನು ಮಾತ್ರ. ತಲೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದೆ, ದಂಡ. ಚಿತ್ರದಲ್ಲಿ ವಾದ್ಯವೇ ಇಲ್ಲ. ಬೆಳಗಿನ ಮಿಕ್ಸಿ, ಡಬ್ಬಿಯ ಕ್ಲಿಪ್ಪು, ಹಿಮದಲ್ಲಿ ತಡವರಿಸಿ ಹೊರಡುವ ಕಾರು, ಮುಚ್ಚಳದ ಮೇಲೆ ಬೆರಳಿನ ತಾಳ. ಆ ತಾಳಕ್ಕೆ ಎಲ್ಲೋ ದೂರದಿಂದ ಚೆಂಡಿನ ಪುಟಿತ ಬಂದು ಸೇರಿಕೊಳ್ಳುತ್ತದೆ. ಸಂಗೀತದ ಗಂಧವಿಲ್ಲದ ನನ್ನಂಥವನ ಕಾಲೂ ಅಲ್ಲಾಡುತ್ತದೆ.

ಆ ವರ್ಷ ಅರೋರಾದ ಕಡೆ ಒಂದು ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ. ಡೆಟ್ರಾಯಿಟ್‌ನವರನ್ನೂ ಕರೆದಿದ್ದರು, ಅನಿಯ ಸಿನಿಮಾವನ್ನೂ ಹಾಕಿಕೊಂಡಿದ್ದರು. ನನ್ನ ವ್ಯಾನಿನಲ್ಲಿ ಹೋದೆವು. ಮಿಷಿಗನ್ ದಾಟಿ ಇಂಡಿಯಾನಾ ದಾಟುವವರೆಗೂ ಹಿಂದೆ ಚೆಂಡು ಉರುಳುತ್ತಲೇ ಇತ್ತು. ಅನಿ ವೇದಿಕೆ ಹತ್ತಿ, ಭುವನೇಶ್ವರಿಯ ಪಟದ ಮುಂದೆ ದೀಪ ಜೋಡಿಸುತ್ತಿದ್ದ ಹೆಂಗಸರ ನಡುವೆ, ಚೆಂಡು ಪುಟಿಸಿದ. ಸಭಾಂಗಣದ ಸದ್ದು ಚೆನ್ನಾಗಿದೆ ಎಂದು ಕೆಳಗಿಳಿದ. ಆ ಹೊತ್ತಿಗೆ ಸಂಘದ ಅಧ್ಯಕ್ಷರು ಬಂದರು. ಹಾಫ್‌ಮನ್ ಎಸ್ಟೇಟ್ಸ್ ಎನ್ನುವ ಊರಿನ ಡಾಕ್ಟರು, ಒಳ್ಳೆಯವರೇ.

"ತುಂಬಾ ಚೆನ್ನಾಗಿದೆ ಅನಿ. ಆ ಮೆಕ್ಯಾನಿಕ್ ಶಾಪ್‌ನ ವೇಯ್ಟಿಂಗ್ ರೂಮ್ ಪಾರ್ಟ್ ಮಾತ್ರ ಕಟ್ ಮಾಡ್ಬಿಡು. ಹಬ್ಬದ ದಿನ, ಎಲ್ಲಾ ಫ್ಯಾಮಿಲಿ ಬಂದಿರ್ತಾರೆ. ನಿಮ್ಮ ತಂದೆ ಮರ್ಯಾದೆಗೇ ಹೇಳ್ತಿರೋದು."

"ಅದನ್ನ ಕಟ್ ಮಾಡಿದ್ರೆ ಉಳಿಯೋದು ಟ್ರಾಫಿಕ್ ಅಷ್ಟೇ ಅಂಕಲ್" ಎಂದ ಅನಿ. ಪೂರ್ತಿ ತೋರಿಸುವುದಾದರೆ ತೋರಿಸಿ, ಇಲ್ಲದಿದ್ದರೆ ನಾವು ಹೊರಡುತ್ತೇವೆ ಎಂದು ವೈರು ಬಿಚ್ಚಲು ಕೈ ಹಾಕಿದ. ಡಾಕ್ಟರು ನನ್ನ ಕಡೆ ನೋಡಿದರು, ಹಿರಿಯರು ನೀವಾದರೂ ಹೇಳಿ ಎನ್ನುವಂತೆ. ನಾನೂ ವೈರಿನ ಇನ್ನೊಂದು ತುದಿ ಹಿಡಿದೆ. ಆಗ ಹಿಂದಿನಿಂದ ಮೂರ್ತಿಯವರು ಬಂದರು. ಕೊರಳಲ್ಲಿ ಆ ನೀಲಿ ಪಟ್ಟಿ ಇರಲಿಲ್ಲ.

"ಡಾಕ್ಟ್ರೇ, ನನ್ನ ಮರ್ಯಾದೆ ನಾನು ನೋಡ್ಕೋತೀನಿ. ನೀವು ಲೈಟ್ ಆರ್ಸಿ."

ಲೈಟು ಆರಿತು.

ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಮುಖ ತಿರುಗಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದರು. ಆದರೆ ಊಟದ ಸಾಲಿನಲ್ಲಿ ನಮಗೆ ಪರಿಚಯವೇ ಇಲ್ಲದ ಒಬ್ಬರು, ಕೋಟು ಹಾಕಿದವರು, ತಟ್ಟೆ ಹಿಡಿದು ಮೂರ್ತಿಯವರ ಪಕ್ಕ ಬಂದು ನಿಂತರು. "ನೀವು ಮೆಕ್ಯಾನಿಕ್ ಶಾಪಾ? ನಾನು ದೇವಸ್ಥಾನದ ಪಾರ್ಕಿಂಗ್ ಲಾಟು. ಎರಡು ತಿಂಗಳಾಯ್ತು. ನನ್ನಂಥ ಭಕ್ತ ಇನ್ನೊಬ್ಬನಿಲ್ಲ ಅಂದ್ಕೊಂಡಿದಾರೆ ಅರ್ಚಕರು" ಎಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ಅವರ ಮುಂದೆಯೇ ಹೇಳಿದರು. ಮೂರ್ತಿಯವರು ನಕ್ಕ ರಭಸಕ್ಕೆ ತಟ್ಟೆಯ ಬಿಸಿಬೇಳೆಬಾತು ನನ್ನ ಹೊಸ ಶರ್ಟಿನ ಮೇಲೆ ಬಿತ್ತು. ಆ ಕಲೆ ಹೋಗಲಿಲ್ಲ. ಕಾರಿನ ಮೇಲಿನ ಯಾವ ಕಲೆಯನ್ನಾದರೂ ತೆಗೆಯುವ ನನಗೆ ಅದನ್ನು ತೆಗೆಯುವ ಮನಸ್ಸೂ ಬರಲಿಲ್ಲ.

ಕೆಲವು ವರ್ಷ ಕಳೆದು, ಒಂದು ಭಾನುವಾರ, ಆಡುತ್ತಿದ್ದಾಗಲೇ ಅನಿಯ ಹೃದಯ ನಿಂತಿತು. ಆಟದ ಕೋರ್ಟಿನಿಂದ ಅವನ ಸ್ನೇಹಿತರು ಚೆಂಡನ್ನು ತಂದು ಮೂರ್ತಿಯವರಿಗೆ ಕೊಟ್ಟರು. ಅವರು ಅದನ್ನು ಮನೆಯಲ್ಲಿಟ್ಟುಕೊಳ್ಳಲಾರದೆ ನನ್ನ ಅಂಗಡಿಯಲ್ಲಿ ಬಿಟ್ಟರು. ಇದನ್ನು ಇದಕ್ಕಿಂತ ಉದ್ದವಾಗಿ ಹೇಳಲು ನನಗೆ ಬರುವುದಿಲ್ಲ.

ಅಂದಿನಿಂದ ಶುರುವಾಯಿತು ನೋಡಿ, 'ಪಾಪ'. ಪಾಪ, ಇದ್ದಿದ್ದರೆ ದೊಡ್ಡ ಡೈರೆಕ್ಟರ್ ಆಗುತ್ತಿದ್ದ. ಪಾಪ, ಏನೂ ಆಗುವ ಮೊದಲೇ ಹೋದ. ಏನೂ ಆಗಲಿಲ್ಲವೆಂದು ಯಾರು ಹೇಳಿದ್ದು? ಅಪ್ಪನ ಕೊರಳಿನ ಪಟ್ಟಿಯನ್ನು, ಅದರ ಬಗ್ಗೆ ಒಂದು ಮಾತೂ ಆಡದೆ ತೆಗೆಸಿದವನು ಇನ್ನೇನು ಆಗಬೇಕಿತ್ತು? ಅವತ್ತು ಅವನ ಸಿನಿಮಾವನ್ನು ಕತ್ತರಿಸಲು ಬಂದರು, ಇವತ್ತು ಅವನನ್ನೇ ಕತ್ತರಿಸಿ ಅಂಗೈಯಗಲದ ಹೂವು ಮಾಡಲು ಬಂದಿದ್ದಾರೆ. ಕಣ್ಣೀರು ಹಾಕಬೇಡಿ ಎನ್ನುವುದಿಲ್ಲ. ನಾನೂ ಹಾಕಿದ್ದೇನೆ, ಕಾರಿನ ಅಡಿಯಲ್ಲಿ ಮಲಗಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಆದರೆ ಅವನ ಮೇಲೆ ಕನಿಕರ ಮಾತ್ರ ಬೇಡ. ಅದನ್ನು ಅವನು ಯಾರಿಂದಲೂ ತೆಗೆದುಕೊಂಡವನಲ್ಲ.

ಸುಧಾಳ ಫೋನಿಟ್ಟ ಮೇಲೆ ಚೆಂಡನ್ನು ಎತ್ತಿಕೊಂಡೆ. ಒರೆಸಿದೆ. ಸೂಜಿ ಹಾಕಿ ಗಾಳಿ ತುಂಬಿದೆ. ತಗ್ಗು ಟಪ್ಪೆಂದು ಎದ್ದು ಚೆಂಡು ದುಂಡಗಾಯಿತು. ಕುರ್ಚಿಯಲ್ಲಿ ಮೂರ್ತಿಯವರಿದ್ದರು. ರಿಟೈರ್ ಆಗಿ ಎಷ್ಟೋ ಕಾಲವಾಯಿತು, ಇಂದಿಗೂ ಡಬ್ಬಿ ಹಿಡಿದು ಬಂದು ಕೂರುತ್ತಾರೆ, ಈಗ ರಾಜಾರೋಷವಾಗಿ. ಅವರ ಕಡೆ ನೋಡದೆ ನೆಲಕ್ಕೆ ಒಂದು ಸಲ ಪುಟಿಸಿದೆ. ಸದ್ದು ಶೆಡ್ಡಿನ ತಗಡಿನವರೆಗೆ ಹೋಗಿ ವಾಪಸು ಬಂತು. ಅವರು ಅದು ಅಡಗುವವರೆಗೂ ಕೇಳಿದರು, ತಲೆ ಓರೆ ಮಾಡಿಕೊಂಡು.

"ಇನ್ನೊಂದ್ಸಲ ಹೊಡೀರಿ ಭಾಯ್" ಎಂದರು. ಹೊಡೆದೆ. ಈ ಸಲ ಡಬ್ಬಿಯ ಮುಚ್ಚಳವೂ ಮಾತಾಡಿತು.

ಸುಧಾಗೆ ಫೋನು ಮಾಡಿದೆ. ಆ ಬಾಡಿದ ಹೂವನ್ನು ತೆಗೆದುಹಾಕಿ, 'ಅನಿರುದ್ಧ, ಸಿನಿಮಾ ನಿರ್ದೇಶಕ' ಎಂದು ಹಾಕಿಸಮ್ಮ ಎಂದೆ. ಆಮಂತ್ರಣ ಆಗಲೇ ಹೋಗಿದೆಯಂತೆ. ಇನ್ನೊಂದು ಕಳಿಸು ಎಂದೆ. ಆಗಲಿ ಎಂದಳು. ಮತ್ತೆ ನಿಮ್ಮ ಎರಡು ನಿಮಿಷದ ಮಾತು ಅಂಕಲ್, ಎಂದು ಕೇಳಿದಳು.

"ಮಾತೇನಿಲ್ಲ ತಾಯಿ. ನಾನು, ಮೂರ್ತಿಯವರು ಇಬ್ರೂ ಬರ್ತೀವಿ. ಮೈಕ್ ಮಾತ್ರ ನೆಲದ ಹತ್ರ ಇಡ್ಸು."