ಹೊಗೆ ಕೇಳುವ ಸಾವ್ಕಾರರು

ದೇವಾಪುರಕ್ಕೆ ಹೆಣ್ಣು ಕೇಳಲು ಹೋಗುವಾಗ, ಕಂಡದ್ದಕ್ಕೆಲ್ಲ ನೂರಕ್ಕಿಷ್ಟು ಎಂದು ಅಂಕ ಹಾಕುವ ಮನುಷ್ಯನನ್ನು ಹಿರಿಯರೆಂದು ಕರೆದುಕೊಂಡು ಹೋದವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ನನ್ನ ಬುದ್ಧಿ ಇರುವುದೇ ಅಷ್ಟು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಗುರುಪಾದಪ್ಪ ಸಾವ್ಕಾರರನ್ನು ಆಡಿಕೊಳ್ಳಲು ನನಗೂ ಸ್ವಲ್ಪ ಹಕ್ಕು ಬರುತ್ತದೆ.

ಶಹಾಪುರದಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಪಕ್ಕದ ಗೂಡು ನನ್ನದು, ಮೊಬೈಲ್ ರಿಪೇರಿ. ವಾರವೆಲ್ಲ ಹತ್ತಿಬೀಜ, ಯೂರಿಯಾ ಮಾರುವ ಸಾವ್ಕಾರರು ರವಿವಾರ ಸಂಜೆ ಎರಡನೇ ಸಲ ಸ್ನಾನ ಮಾಡಿ, ಬಿಳಿ ಜುಬ್ಬಾ ತೊಟ್ಟು, ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿ ಕ್ಯೂಬಾದ ಸಿಗಾರು ಹಚ್ಚುತ್ತಿದ್ದರು. ದುಬೈಯಲ್ಲಿದ್ದ ತಂಗಿಯ ಮಗ ತಂದುಕೊಡುತ್ತಿದ್ದ. ನಮ್ಮ ಬಿಸಿಲಿಗೆ ಮನುಷ್ಯರೇ ಬಿರಿಯುತ್ತಾರೆ, ಸಿಗಾರಿನ ಪಾಡೇನು? ಅದಕ್ಕೆ ತಂಪು ಬೇಕೆಂದು ಸಾವ್ಕಾರರು ಪೆಟ್ಟಿಗೆಯನ್ನು ಒದ್ದೆ ಸ್ಪಂಜಿನ ಸಮೇತ ದೇವರ ಕೋಣೆಯಲ್ಲಿಟ್ಟರು. ಅವರ ಹೆಂಡತಿ ನೀಲಮ್ಮ ಅದನ್ನೆತ್ತಿ ನೀರಿನ ಹರವಿಯ ಹಿಂದೆ ತಳ್ಳಿದರು. "ದೇವ್ರಿಗಿ ಲೋಬಾನ ಸಾಕ್ರಿ. ನಿಮ್ಮ ಹೊಗಿಸೊಪ್ಪು ಬ್ಯಾಡ."

ಸಾವ್ಕಾರರು ಸೇದುವುದನ್ನು ಫೋನಿನಲ್ಲಿ ಹಿಡಿಯುವ ಕೆಲಸ ನನ್ನದು. ಆ ವಿಡಿಯೋ ಹೈದರಾಬಾದು, ಪುಣೆಯ ಸಿಗಾರು ಶೌಕಿನ ಮಂದಿಗೆ ಹೋಗುತ್ತಿತ್ತು. ಸಾವ್ಕಾರರು ಮೊದಲು ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಚುಕುವರು. ಹಚ್ಚದೆಯೇ ಮೂಸುವರು. ಹಚ್ಚಿದ ಮೇಲೆ ಹೊಗೆಯನ್ನು ಬಾಯಲ್ಲೇ ಹೊರಳಿಸಿ ಕಣ್ಣು ಮುಚ್ಚುವರು. "ಹೊಗಿ ನುಂಗಬಾರ್ದು ತಮ್ಮಾ, ಕೇಳಬೇಕು." ನಾನು ಏನಾದರೂ ಅಂದರೆ ಕೈ ಅಡ್ಡ ಹಿಡಿದು, "ಅವಸರಿಲ್ಲ… ತೆರೀಲಿ" ಎನ್ನುವರು; ರುಚಿ ತಾನಾಗಿ ತೆರೆದುಕೊಳ್ಳಲಿ ಎಂದರ್ಥ. ಆಮೇಲೆ ಸಿಗಾರನ್ನು ಮೂರು ಪಾಲು ಮಾಡಿ ವರ್ಣನೆ ಶುರು: "ಮೊದಲ್ನೇ ಪಾಲಿನ್ಯಾಗ ಹಸಿ ತೊಗರಿಕಟಗಿ. ನಡೂ ಪಾಲಿಗಿ ಮಳಿಗಿ ತೊಯ್ದ ಗೋಣಿಚೀಲ, ಹಿಂದ ಸುಟ್ಟ ಬೆಲ್ಲ. ಕಡೀ ಪಾಲು ಹುರಿದ ಜೀರಗಿ. ನೂರಕ್ಕ ಎಂಬತ್ತೆಂಟು."

ತಮಾಷೆ ಅಂದರೆ, ಅವರು ಹೇಳಿದ ಮೇಲೆ ನನಗೂ ಗೋಣಿಚೀಲದ ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದ ಆ ಚೀಲಗಳ ನಡುವೆ ಬೆಳೆದವನು ನಾನು. ಅವಕ್ಕೊಂದು ವಾಸನೆ ಇದೆ ಎಂದು ತಿಳಿದದ್ದು ಸಾವ್ಕಾರರ ಮಾಳಿಗೆಯ ಮೇಲೆ. ಆ ಋಣ ಇದೆ. ತೀರಿಸಿದ ರೀತಿ ಮುಂದೆ ಹೇಳುತ್ತೇನೆ.

ಚಟ ಸಿಗಾರಿಗೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನೀಲಮ್ಮ ಹಬ್ಬಕ್ಕೆ ಹೋಳಿಗೆ ಮಾಡಿದರೆ ಅದನ್ನೂ ಮೂರು ಪಾಲು ಮಾಡಿ ತಿಂದು, ಬಂದವರ ಎದುರಿಗೆ, "ನಡೂ ಪಾಲು ಸಪ್ಪ. ಎಪ್ಪತ್ತು" ಎಂದರು. ನೀಲಮ್ಮ ಆಮೇಲೆ ಹೋಳಿಗೆ ಮಾಡುವುದನ್ನೇ ಬಿಟ್ಟರು. ಈಗ ಹಬ್ಬಕ್ಕೆ ಬೇಕರಿಯಿಂದ ತರುತ್ತಾರೆ. ಅದಕ್ಕೆ ಸಾವ್ಕಾರರು ಎಪ್ಪತ್ತೆರಡು ಕೊಟ್ಟರು.

ದರ್ಜಿ ಈರಣ್ಣ ಸತ್ತಾಗಲೂ ಹಾಗೇ. ಸಾವ್ಕಾರರು ಹೆಣದ ಪಕ್ಕದಲ್ಲಿದ್ದ ಅವನ ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದರು. ಸಮಾಧಾನ ಹೇಳುತ್ತಾರೆಂದು ಎಲ್ಲರೂ ಹತ್ತಿರ ಸರಿದರು. "ಮೊದಲ್ನೇ ಪಾಲು ಭಾಳ ಛಲೋ ಇತ್ತವ್ವಾ. ನಡೂ ಪಾಲು ಜರಾ ಸಪ್ಪ ಆತು. ಕಡೀಕ ಕಹಿ. ಇರ್ಲಿ, ಕಡೀತನಕ ಒಂದೇ ಸಮ ಉರದಾನ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಈರಣ್ಣನಿಗೆ ಅವರು ಕೊಟ್ಟ ಅತಿ ದೊಡ್ಡ ಮರ್ಯಾದೆ ಅದು.

ಮರುದಿನ ಚಹಾದ ಹೋಟೆಲಿನಲ್ಲಿ ನಾನು ಅದನ್ನು ಮಾಡಿ ತೋರಿಸಿದೆ. ಕುಕ್ಕರಗಾಲು, ಮುಚ್ಚಿದ ಕಣ್ಣು, ಮೂಗಿನಿಂದ ಬರುವ ಆ ಎಳೆದ ದನಿ. ಮಂದಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಮೂಲೆಯ ಬೆಂಚಿನಲ್ಲಿ ಈರಣ್ಣನ ಮಗ ಕೂತದ್ದು ನಡು ಪಾಲಿನಲ್ಲೇ ನನಗೆ ಕಂಡಿತು. ಕಂಡ ಮೇಲೂ ಕಡೇ ಪಾಲು ಮುಗಿಸಿಯೇ ಎದ್ದೆ. ನಗುವವರಿದ್ದರೆ ನನಗೆ ಬ್ರೇಕು ಹಿಡಿಯುವುದಿಲ್ಲ. ಹೀಗೆ ಸಾವ್ಕಾರರ ದನಿಯನ್ನು ನನ್ನ ಬಾಯಿಂದ ಕೇಳದವರು ಶಹಾಪುರದಲ್ಲಿ ಒಬ್ಬರೇ ಉಳಿದರು: ಸಾವ್ಕಾರರು.

ದೇವಾಪುರದ ರೇಣುಕಾ ಶಹಾಪುರದ ಅಕ್ಕನ ಮನೆಯಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಫೋನಿನ ಗಾಜು ಹಾಕಿಸಲು ಬಂದವಳು, ಗಾಜು ಗಟ್ಟಿಯಾಗಿದ್ದರೂ ಮತ್ತೆ ಮತ್ತೆ ಬಂದಳು. ನಾನು ಬಸ್ ಕಂಡಕ್ಟರನಾದೆ, ಅವಳ ಪ್ರಿನ್ಸಿಪಾಲನಾದೆ, ಅವಳು ನಕ್ಕಳು. ಕೊನೆಗೊಂದು ದಿನ ನಗದೆ ಹೇಳಿದಳು: "ಇಲ್ಲಿ ಹೇಳಿದ್ರ ಆಗಂಗಿಲ್ಲ. ಮನೀಗಿ ಬರ್ರಿ, ನಮ್ಮಪ್ಪನ ಮುಂದ ಕೇಳ್ರಿ."

ನನಗೆ ತಂದೆಯಿಲ್ಲ. ಕಾಕಾಗಳು ಮಾತು ಬಿಟ್ಟಿದ್ದರು. ಅವರ ದನಿಯನ್ನೂ ನಾನು ಮಾಡಿದ್ದೆ. ರೇಣುಕಾಳ ಅಪ್ಪ ಮಲ್ಲಣ್ಣ ಹತ್ತಿಬೀಜ ಒಯ್ಯುವುದು ಸಾವ್ಕಾರರ ಅಂಗಡಿಯಿಂದ. ಅವರ ಮಾತೆಂದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಕೇಳಿದ ಕೂಡಲೇ ಸಾವ್ಕಾರರು ಅಂಗಡಿಗೆ ಕೀಲಿ ಹಾಕಿ, ನನಗೊಂದು ಹೊಸ ಅಂಗಿ ಕೊಡಿಸಿ, ತಮ್ಮ ಕಾರಿನಲ್ಲೇ ಕರೆದೊಯ್ದರು. ಸುರಪುರ ದಾಟುವವರೆಗೂ ನನ್ನ ಬೆನ್ನು ತಟ್ಟುತ್ತಿದ್ದರು. "ಹೆದರಬ್ಯಾಡ ತಮ್ಮಾ. ನಿನ್ನ ಅಪ್ಪ ಅಂತೇ ತಿಳ್ಕೋ ನನ್ನ."

ಮಲ್ಲಣ್ಣನ ಮನೆಯಲ್ಲಿ ಮಂಡಕ್ಕಿಯ ಸುಸಲಾ ಮುಗಿಯಿತು, ಮಿರ್ಚಿ ಮುಗಿಯಿತು. ರೇಣುಕಾ ಚಹಾ ತಂದಿಟ್ಟು ತಾಯಿಯ ಪಕ್ಕ ಕೂತಳು. ಸಾವ್ಕಾರರು ಅವಳನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದರು.

"ಹೊರ ಎಲಿ ಕಪ್ಪದ, ಮಲ್ಲಣ್ಣ. ಕಪ್ಪಿದ್ದಷ್ಟು ಒಳಗ ಸಿಹಿ ಇರ್ತದ, ಇದು ಬರೋಬ್ಬರಿ. ಉದ್ದ ಜರಾ ಕಡಿಮಿ. ಇರ್ಲಿ, ಗಿಡ್ಡ ಇದ್ದದ್ದು ಬಿಗಿ ಇರ್ತದ."

ಸಿಗಾರಿನ ಲೆಕ್ಕದಲ್ಲಿ ಅವರು ಅವಳನ್ನು ಹೊಗಳುತ್ತಿದ್ದರು. ಅದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಲ್ಲಣ್ಣ ಚಹಾದ ಕಪ್ಪನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀವೇನಂತೀರಿ?"

ರೇಣುಕಾ ಕತ್ತೆತ್ತಿ ನನ್ನನ್ನೇ ನೋಡಿದಳು. ಇಲ್ಲರೀ, ನನಗಿವಳು ಬೇಕು ಎಂದು ನಾಲ್ಕು ಮಾತಾಡಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಕೈ ತಾನಾಗಿ ಅಡ್ಡ ಬಂತು, ಕಣ್ಣು ಮುಚ್ಚಿತು.

"ಅವಸರಿಲ್ಲ… ತೆರೀಲಿ."

ಬಾಗಿಲಲ್ಲಿ ನಿಂತ ನೆರೆಮನೆಯ ಹೆಂಗಸರು ಕಿಸಕ್ಕನೆ ನಕ್ಕರು. ನಕ್ಕರಲ್ಲ, ಮುಗಿಯಿತು. "ನೂರಕ್ಕ ತೊಂಬತ್ತೊಂದು" ಎಂದೂ ಅಂದುಬಿಟ್ಟೆ, ಮೂಗಿನಿಂದ, ಎಳೆದು.

ಈಗ ಸಾವ್ಕಾರರು ನನ್ನೊಂದಿಗೆ ಮಾತಾಡುವುದಿಲ್ಲ. ಪಕ್ಕದ ಅಂಗಡಿಯೇ ಆದರೂ ಯಾದಗಿರಿಯಷ್ಟು ದೂರ. ಯಾರೋ ಅವರ ವಿಡಿಯೋ ತೋರಿಸಿದರು: ಬಿಳಿ ಜುಬ್ಬಾ ಇದೆ, ಮಾಳಿಗೆ ಇದೆ, ಹೊಗೆ ಇದೆ, ಮಾತಿಲ್ಲ. ಸೇದಿ ಮುಗಿಸಿ, ಅಂಕವನ್ನು ಪಾಟಿಯ ಮೇಲೆ ಬಳಪದಲ್ಲಿ ಬರೆದು ಎದೆಗೆ ಹಿಡಿದು ತೋರಿಸುತ್ತಾರೆ. ತೊಗರಿಕಟಗಿ, ಗೋಣಿಚೀಲ ಯಾವುದೂ ಇಲ್ಲ. ಅವರ ದನಿ ಈಗ ಶಹಾಪುರದಲ್ಲಿ ನನ್ನೊಬ್ಬನ ಹತ್ತಿರ ಉಳಿದಿದೆ. ಮಂದಿ ಮಾಡು ಅನ್ನುತ್ತಾರೆ, ಬರುವುದಿಲ್ಲ ಎನ್ನುತ್ತೇನೆ.

ಅಂದು ದೇವಾಪುರದಲ್ಲಿ ಅವರು ಸಿಟ್ಟಾಗಲಿಲ್ಲ. ನನ್ನನ್ನು ನೋಡಿದರು, ಬಾಗಿಲಲ್ಲಿ ನಕ್ಕವರನ್ನು ನೋಡಿದರು, ಆಮೇಲೆ ತಾವು ಆಗಷ್ಟೇ ಅಳೆದಿದ್ದ ಹುಡುಗಿಯನ್ನೇ ಕೇಳಿದರು: "ನಾ ಹಿಂಗ ಮಾತಾಡ್ತೀನೇನವ್ವಾ?"

ರೇಣುಕಾ ಖಾಲಿ ಕಪ್ಪುಗಳನ್ನು ತಟ್ಟೆಗೆ ಜೋಡಿಸಿಕೊಂಡು ಎದ್ದಳು.

"ಹೌದ್ರಿ ಕಾಕಾ, ಹಿಂಗೇ ಮಾತಾಡ್ತೀರಿ. ಆದ್ರ ಆ ಮಾತು ನಿಮ್ಮದು. ಮನೀಗಿ ಬರ್ರಿ ಅಂತ ನಾ ಹೇಳಿದ್ದು ಇವ್ರಿಗಿ. ಇವ್ರು ಬಂದೇ ಇಲ್ಲ. ಒಮ್ಮಿ ಕಾರಿನಾಗ, ಒಮ್ಮಿ ತಮ್ಮ ಬಾಯಾಗ, ನಿಮ್ಮನ್ನೇ ಎರಡು ಸಲ ಕಳಿಸ್ಯಾರ."