ಹುಲಿಯ ಮೀಸೆ, ಚಿಕ್ಕನಿಂಗಮ್ಮನ ಕೈ

ಭೀಮನಬೀಡಿನ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರು ಎರೆಯಲು ಚಿಕ್ಕನಿಂಗಮ್ಮನೇ ಬರಬೇಕಿತ್ತು. ಅವಳು ಕಾಲು ನೀಡಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿದರೆ ರಚ್ಚೆ ಹಿಡಿದದ್ದೂ ಆಕಳಿಸುತ್ತಿತ್ತು. ಹಾಗಾಗಿ, ಮಗಳು ಭವ್ಯ ಬಸುರಿ, ಇನ್ನು ಐದು ತಿಂಗಳಿಗೆ ಹೆರಿಗೆ ಎಂದು ಫೋನು ಬಂದಾಗ ಅವಳು ಮೊದಲು ನೋಡಿಕೊಂಡದ್ದು ತನ್ನ ಅಂಗೈಗಳನ್ನೇ. ಬೆರಳ ಸಂದುಗಳು ಒಡೆದು ಒಸರುತ್ತಿದ್ದವು. ಮೊಮ್ಮಗುವಿಗೆ ಈ ಕೈಯಲ್ಲಿ ಎರೆಯುವುದು ಹೇಗೆ?

ಎಂಟು ವರ್ಷದಿಂದ ಅವಳ ಕೆಲಸ ಗುಂಡ್ಲುಪೇಟೆಯ ಶಶಿಕುಮಾರನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಬಂಡೀಪುರ ನೋಡಲು ಬರುವವರಿಗೆ ಟೀ ಶರ್ಟಿನ ಮೇಲೆ ಹುಲಿ ಅಚ್ಚು ಹಾಕುವ ಅಂಗಡಿ ಅದು. ಜಾಲರಿ ಬಿಗಿದ ಚೌಕಟ್ಟಿಗೆ ಎಮಲ್ಷನ್ ಎಂಬ ಅಂಟು ಬಳಿದು, ಕತ್ತಲಲ್ಲಿ ಒಣಗಿಸಿ, ಹುಲಿಯ ಫಿಲ್ಮ್ ಇಟ್ಟು ಲೈಟು ಕೊಡುತ್ತಾರೆ. ಬೆಳಕು ಬಿದ್ದಲ್ಲಿ ಅಂಟು ಗಟ್ಟಿಯಾಗುತ್ತದೆ. ಹುಲಿಯ ಗೆರೆ ಅಡ್ಡ ಬಂದಲ್ಲಿ ಮೆತ್ತಗೆ ಉಳಿದು ನೀರಿಗೆ ಕೊಚ್ಚಿಹೋಗುತ್ತದೆ. ಹಾಗೆ ತೆರೆದ ಗೆರೆಗಳಿಂದಲೇ ಬಣ್ಣ ಇಳಿದು ಬಟ್ಟೆಯ ಮೇಲೆ ಹುಲಿ ಮೂಡುತ್ತದೆ. ಅಂಟಿಗೆ ಬೆಳಕು ಹಿಡಿಯುವ ಗುಣ ಬರಲೆಂದು ಬೈಕ್ರೋಮೇಟ್ ಎಂಬ ಕಿತ್ತಳೆ ಪುಡಿ ಬೆರೆಸುತ್ತಿದ್ದವಳೂ, ಆಮೇಲೆ ತೊಳೆಯುತ್ತಿದ್ದವಳೂ ಅವಳೇ. ಬರಿಗೈಯಲ್ಲಿ. ಡಬ್ಬದ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ. ಓದಬಲ್ಲವನು ಕೈ ಹಾಕುತ್ತಿರಲಿಲ್ಲ. ಕೈ ಹಾಕುವವಳಿಗೆ ಓದಲು ಬರುತ್ತಿರಲಿಲ್ಲ.

ಚಾಮರಾಜನಗರದ ಚರ್ಮದ ಡಾಕ್ಟರು ನೋಡಿದ ಕೂಡಲೇ ಹೇಳಿದರು: "ಆ ಪುಡಿ ಮುಟ್ಬೇಡಿ. ತಡ ಮಾಡಿದ್ರೆ ಮೈ ಅದನ್ನ ಮರೆಯೋದೇ ಇಲ್ಲ."

ಮಾರನೇ ದಿನ ಅವಳು ಶಶಿಕುಮಾರನ ಮುಂದೆ ನಿಂತಳು. "ಶಶಿಯಣ್ಣ, ಪುಡಿ ಬೆರಸ್ದೆ ಇರೋ ರೆಡಿ ಎಮಲ್ಷನ್ನು ಮೈಸೂರಲ್ಲಿ ಸಿಕ್ತದಂತೆ. ಅದ ತರ್ಸಣ್ಣ. ಒಂದ್ ಜೊತೆ ರಬ್ಬರ್ ಗ್ಲೌಸೂವೆ."

"ಗ್ಲೌಸ್ ಆಕಂಡು ಆಪರೇಷನ್ ಮಾಡ್ಬೇಕಾ ನಿಂಗಕ್ಕ? ಕೊಬ್ರಿ ಎಣ್ಣೆ ಸವರ್ಕೊ, ಓಯ್ತದೆ."

ಅವಳು ಬಿಡಲಿಲ್ಲ. ಕೊನೆಗೆ ಒಂದು ಡಬ್ಬ ಬಂತು. ಶಶಿಕುಮಾರ ಹಳೇ ಲೆಕ್ಕದಂತೆ ನಾಲ್ಕು ನಿಮಿಷ ಲೈಟು ಕೊಟ್ಟ. ಎಷ್ಟು ನೀರು ಹೊಡೆದರೂ ಹುಲಿಯ ಮೀಸೆ ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಮೀಸೆ ಇಲ್ದಿರೋ ಉಲಿನ ಯಾರ್ ತಗತಾರೆ? ಇದ್ ಬೆಕ್ಕು ಕಣಕ್ಕ!"

"ಬೆಳ್ಕು ಜಾಸ್ತಿ ಆಯ್ತು ಕಣಣ್ಣ. ಇದು ಎಳೇ ಸೊಪ್ಪಿದ್ದಂಗೆ, ಬಿರ್ನೆ ಬೇಯ್ತದೆ."

"ನಂಗೇ ಕಲಿಸ್ತೀಯಾ? ಓಗು, ಪುಡಿ ಕಲಸೋಗು."

ಡಬ್ಬ ಮೇಜಿನಡಿ ಸೇರಿತು. ಮೂರು ತಿಂಗಳು ಅವಳ ಕೈ ಮತ್ತೆ ಪುಡಿಯಲ್ಲೇ ಬೆಂದಿತು. ಹುಲಿಯ ಮೀಸೆಗೆ ಮರುಗಿದವನಿಗೆ ಹೆಂಗಸಿನ ಚರ್ಮ ಕಾಣಲಿಲ್ಲ. ಅಂಥವರನ್ನು ನಾವು ಕೆಲಸ ಕೊಟ್ಟ ಪುಣ್ಯಾತ್ಮರು ಎನ್ನುತ್ತೇವೆ.

ಒಂದು ಮಧ್ಯಾಹ್ನ ಶಶಿಕುಮಾರ ಊಟಕ್ಕೆ ಹೋಗಿದ್ದಾಗ ಅವಳು ಡಬ್ಬ ಹೊರಗೆಳೆದಳು. ಹಳೇ ಚೌಕಟ್ಟಿಗೆ ಬಳಿದು, ಒಣಗಿಸಿ, ಹುಲಿಯ ಫಿಲ್ಮಿನ ಜೊತೆ ಲೈಟಿನ ಮೇಲಿಟ್ಟು, ಒಂದೊಂದು ಪಟ್ಟಿಗೆ ಒಂದೊಂದು ಲೆಕ್ಕದ ಬೆಳಕು ಬೀಳುವಂತೆ, ಅಡ್ಡ ಇಟ್ಟ ರಟ್ಟನ್ನು ಹತ್ತು ಸೆಕೆಂಡಿಗೊಮ್ಮೆ ಒಂದೊಂದು ಬೆರಳಗಲ ಸರಿಸಿದಳು. ತೊಳೆದಾಗ ಹತ್ತು ಸೆಕೆಂಡಿನ ಪಟ್ಟಿ ಪೂರಾ ಕಿತ್ತುಬಂತು. ಇಪ್ಪತ್ತರದ್ದು ಲೋಳೆ ಲೋಳೆ. ನಲವತ್ತರ ಪಟ್ಟಿಯಲ್ಲಿ ಮೀಸೆಯ ಒಂದೊಂದು ಎಳೆಯೂ ತೆರೆದು ನಿಂತಿತ್ತು.

ಶಶಿಕುಮಾರ ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಅಲೆಲೆ! ಇದ ಮೊದ್ಲೇ ಮಾಡಕ್ಕೇನಾಗಿತ್ತಕ್ಕ?"

ಅವತ್ತಿಗೆ ಪುಡಿ ನಿಂತಿತು. ಗ್ಲೌಸೂ ಬಂತು. ಕೈ ಮಾತ್ರ ವಾಸಿಯಾಗಲಿಲ್ಲ. ಡಾಕ್ಟರು ಅಂಗೈ ತಿರುಗಿಸಿ ನೋಡಿ, "ಅಂಟೋ ಕಾಯಿಲೆ ಅಲ್ಲಮ್ಮ. ಆದ್ರೆ ತಡ ಆಯ್ತು. ಇನ್ನು ಹೋಗ್ತಾ ಬರ್ತಾ ಇರ್ತದೆ" ಎಂದರು.

ಭವ್ಯಳ ಕೂಸು ಮನೆಗೆ ಬಂತು, ಹೆಣ್ಣು. ಚಿಕ್ಕನಿಂಗಮ್ಮ ಕಾಲು ನೀಡಿ ಕೂತಳು. ಎಣ್ಣೆ ಅದ್ದಿದ ಅಂಗೈ ಎಳೇ ಬೆನ್ನ ಮೇಲೆ ಒಂದು ಸಲ ಜಾರಿತು, ಅಷ್ಟೇ. ಒರಟು ಚರ್ಮ ಗೀರಿ ಕೆಂಪು ಗೆರೆಗಳೆದ್ದವು. ಕೂಸು ಚೀರಿತು.

"ಮೆಲ್ಲಗವ್ವ."

ಬೆರಳ ತುದಿಯಲ್ಲಿ ಮುಟ್ಟಿದಳು. ಮತ್ತೆ ಚೀರಿತು.

ಭವ್ಯ ಅವ್ವನ ಕೈ ನೋಡಿದಳು. ಮುಖ ನೋಡಲಿಲ್ಲ. "ಬುಡವ್ವ... ಸಣ್ಣಮ್ಮತ್ತೆ ಎರಿಲಿ."

ಪಕ್ಕದ ಮನೆಯ ಸಣ್ಣಮ್ಮ ಬಂದು ಅವಳ ಜಾಗದಲ್ಲಿ ಕೂತಳು. "ನೀರ್ ನೋಡಮ್ಮಿ ನಿಂಗಿ, ಸುಡ್ತದಾ?"

ಚಿಕ್ಕನಿಂಗಮ್ಮ ಎರಡೂ ಅಂಗೈಗಳನ್ನು ಮಡಚಿ ಎದೆಗವುಚಿಕೊಂಡಳು. ಬಗ್ಗಿ, ಚರ್ಮ ಇನ್ನೂ ನೆಟ್ಟಗಿದ್ದ ಮೊಣಕೈಯನ್ನು ನೀರಿಗದ್ದಿದಳು.

"ಬೆಚ್ಚಗೆ ಅದೆ. ಎರಿ."