ಕಪಿಲೆ ತೊಟ್ಟಿಯಲ್ಲಿ ದೋಣಿ ಎಂಜಿನ್

ಬೆಳಗಿನ ಐದೂವರೆ. ಕೇತಮಾರನಹಳ್ಳಿಯ ಹಿಂಬದಿಯ ಬಾವಿಕಟ್ಟೆಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಅಂಜಿನಯ್ಯನವರು ಹೊಂಗೆಮರದ ಬುಡಕ್ಕೆ ಹಗ್ಗ ಬಿಗಿದು, ಅದರ ತುದಿಗೆ ಸೌದೆ ಡಿಪೋದ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸುತ್ತಿದ್ದಾರೆ. ತಕ್ಕಡಿಯ ಇನ್ನೊಂದು ಕೊಕ್ಕೆಗೆ ಮರದ ಚೌಕಟ್ಟೊಂದನ್ನು ಕಟ್ಟಿದೆ. ಅದು ನೀರಿನ ತೊಟ್ಟಿಯ ಮೇಲೆ ಉಯ್ಯಾಲೆಯಂತೆ ತೂಗುತ್ತಿದೆ. ಉಯ್ಯಾಲೆಯಲ್ಲಿ ಕೂತಿರುವುದು ಹತ್ತು ಕುದುರೆ ಶಕ್ತಿಯ ದೋಣಿ ಎಂಜಿನ್. ಅದರ ಬಾಲದ ತುದಿಯಲ್ಲಿ, ನೀರಿನೊಳಗೆ, ಹೊಸದಾಗಿ ಎರಕ ಹೊಯ್ದ ಮೂರು ರೆಕ್ಕೆಯ ಕಂಚಿನ ಚಕ್ರ ಮಿನುಗುತ್ತಿದೆ.

ಆ ಚಕ್ರವೇ ದೋಣಿಯನ್ನು ಮುಂದಕ್ಕೆ ನೂಕುವುದು. ಅದು ಎಷ್ಟು ರಾತಲು ಎಳೆಯುತ್ತದೆಂದು ಇವತ್ತು ತಕ್ಕಡಿ ಹೇಳಬೇಕು. ಕಾರ್ಖಾನೆಯ ಏಳು ಗಂಟೆಯ ಸೈರನ್ನಿನೊಳಗೆ ಹೇಳಬೇಕು.

ತಕ್ಕಡಿ ಏಕಾಂತಯ್ಯನವರದು. ಮಾಗಡಿ ರಸ್ತೆಯಲ್ಲಿ ಅವರ ಸೌದೆ ಡಿಪೋ. ಅಂಜಿನಯ್ಯ ಬಾಯಿಬಿಟ್ಟು ಕೇಳಿದ್ದು ಮೊದಲ ಸಲ ಮಾತ್ರ. ಆಮೇಲೆ ಎಂಜಿನ್ ಬಂದಿದೆಯೆಂದು ಸುದ್ದಿ ಮುಟ್ಟಿದರೆ ಸಾಕು, ತಕ್ಕಡಿ ಗೋಣಿಚೀಲದಲ್ಲಿ ಸುತ್ತಿಕೊಂಡು, ಕೊಕ್ಕೆಗೆ ಹರಳೆಣ್ಣೆ ಸವರಿಸಿಕೊಂಡು, ಹಿಂದಿನ ಸಂಜೆಯೇ ಡಿಪೋದ ಜಗಲಿಯ ಮೇಲೆ ಕಾದಿರುತ್ತದೆ.

“ಇನ್ನೂ ಎಷ್ಟು ಬಿಂದಿಗೆ?” ಎಂದು ಬಾವಿಯ ರಾಟೆಯ ಹತ್ತಿರದಿಂದ ಪಾಪಮ್ಮ ಕೇಳುತ್ತಾರೆ. ಅಂಜಿನಯ್ಯನವರ ಹೆಂಡತಿ. ಆಗಲೇ ಮೂವತ್ತೆರಡು ಸೇದಿದ್ದಾರೆ.

“ಎಂಟು ಸೇದು ಸಾಕು. ನೀರು ತೊಟ್ಟಿಯ ಗೀಟು ಮುಟ್ಟಬೇಕು.”

“ನಿಮ್ಮ ಗೀಟು ದಿನಾ ಮೇಲಕ್ಕೆ ಹತ್ತುತ್ತೋ ಏನೋ.”

ಬಾವಿಕಟ್ಟೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮರಿಯಪ್ಪ ಎದ್ದು ಹಗ್ಗಕ್ಕೆ ಕೈಹಾಕುತ್ತಾರೆ. “ಬುಡವ್ವ, ನಾ ಸೇದ್ತೀನಿ. ನೀರಲ್ಲೇ ಹುಟ್ಟಿದ ಮೈ ಇದು.” ಎಂಜಿನ್ ಅವರದೇ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ಅವರ ಕಸುಬು.

ತೊಟ್ಟಿ ಅಂಜಿನಯ್ಯನವರ ತಂದೆಯ ಕಾಲದ್ದು. ಆಗ ಇಲ್ಲಿ ಒಂದೂವರೆ ಎಕರೆ ತರಕಾರಿ ತೋಟವಿತ್ತು; ಎತ್ತುಗಳು ಕಪಿಲೆ ಎಳೆದು ಈ ತೊಟ್ಟಿಗೆ ನೀರು ಸುರಿಯುತ್ತಿದ್ದವು. ರಾಜಾಜಿನಗರದ ಬಡಾವಣೆಗೆಂದು ಹೊಲ ಹೋಯಿತು. ಬಾವಿ, ಹನ್ನೆರಡಡಿ ಉದ್ದದ ತೊಟ್ಟಿ, ಹೊಂಗೆಮರ ಉಳಿದವು. ಅಷ್ಟರಲ್ಲಿ ಅಂಜಿನಯ್ಯ ಮಹಾಯುದ್ಧಕ್ಕೆ ಹೋಗಿ ಬಂದಾಗಿತ್ತು. ಬಸ್ರಾದಲ್ಲಿ ಸೈನ್ಯದ ನದಿದೋಣಿಗಳ ವರ್ಕ್‌ಶಾಪಿನಲ್ಲಿ ಮೂರು ವರ್ಷ ಫಿಟ್ಟರ್. “ಅಲ್ಲಿ ನೀರು ಜಾಸ್ತಿ, ನೆರಳು ಕಮ್ಮಿ. ಕೆಲಸ ಮಾತ್ರ ಚೆನ್ನಾಗಿ ಕಲಿಸಿದ್ರು” ಎನ್ನುತ್ತಾರೆ. ಈಗ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ತಿಂಗಳಿಗೆ ತೊಂಬತ್ತು ರೂಪಾಯಿ. ಶಿಫ್ಟಿನ ಮುಂಚಿನ ಎರಡು ಗಂಟೆ ಮಾತ್ರ ದೋಣಿ ಎಂಜಿನ್ನುಗಳದು. ಹನ್ನೊಂದು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಎಂಜಿನ್ ಈ ಉಯ್ಯಾಲೆಯಲ್ಲಿ ತೂಗಿವೆ. ನದಿಯಿಲ್ಲದ ಊರಿಗೆ ಅವು ರೈಲಿನಲ್ಲಿ, ಬಸ್ಸಿನ ನೆತ್ತಿಯ ಮೇಲೆ, ಎತ್ತಿನ ಗಾಡಿಯಲ್ಲಿ ಬರುತ್ತವೆ. ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಪ್ರತಿಯೊಂದರ ಎಳೆತದ ರಾತಲು ಬರೆದಿದೆ. ಸುಣ್ಣ ಬಳಿಯುವಾಗ ಪಾಪಮ್ಮ ಆ ಗೋಡೆಯೊಂದನ್ನು ಬಿಟ್ಟು ಬಳಿಯುತ್ತಾರೆ.

ಮರಿಯಪ್ಪನವರ ಎಂಜಿನ್ ಪಂದ್ಯದ ದೋಣಿಗೆಂದೇ ಮಾಡಿದ ವೇಗದ ಜಾತಿ. ಯಾರೋ ಸಾಹುಕಾರರ ಮೋಜಿನ ದೋಣಿಯದು ಹರಾಜಿಗೆ ಬಂದಾಗ, ಆರು ವರ್ಷದ ಹಿಂದೆ, ನಾಲ್ಕು ಎಮ್ಮೆ ಮಾರಿ ಕೊಂಡರು. ಗಾಳಿಮಳೆಯಲ್ಲಿ ಹಿನ್ನೀರು ಏಳುವಾಗ ಹುಟ್ಟು ಹಾಕಿ ದಾಟುವುದು ಆಗದ ಮಾತು. ಈ ಎಂಜಿನ್ ದಾಟಿಸುತ್ತದೆ. “ರೇಸಿನ ಕುದುರೆ ತಂದು ಜಟಕಾಗಾಡಿಗೆ ಕಟ್ಟಿದೀಯಲ್ಲಯ್ಯ” ಎಂದು ಅಂಜಿನಯ್ಯ ರೇಗಿಸಿದ್ದುಂಟು. ಕುದುರೆಯನ್ನು ಕೊಂಡದ್ದಾಯಿತು, ಅದರ ಲಾಳದ ಬೆಲೆ ತಿಳಿದದ್ದು ಆಮೇಲೆ. ರೆಕ್ಕೆಯ ಚಕ್ರ ಒಂದಕ್ಕೆ ಬೊಂಬಾಯಿ ಏಜೆಂಟರು ಇನ್ನೂರ ಇಪ್ಪತ್ತು ರೂಪಾಯಿ ಕೇಳುತ್ತಾರೆ. ಮುಂಗಡ ಬೇರೆ. ಅದೂ ಆಮದು ಲೈಸೆನ್ಸು ಸಿಕ್ಕರೆ, ನಾಲ್ಕು ತಿಂಗಳಿಗೆ. ಈ ವರ್ಷ ಸರ್ಕಾರ ವಿದೇಶಿ ಸಾಮಾನಿಗೆ ಕೈ ಬಿಗಿಹಿಡಿದ ಮೇಲೆ ಹತ್ತು ರೂಪಾಯಿಯ ವಾಷರ್ ನಲವತ್ತಾಗಿದೆ.

ಜನರನ್ನು ದಾಟಿಸುವ ಕಡವಿನ ಗುತ್ತಿಗೆಗೆ ನಾಲ್ಕು ತಿಂಗಳು ಕಾಯುವ ತಾಳ್ಮೆಯಿಲ್ಲ. ಸತತವಾಗಿ ಎರಡು ಸಂತೆಯ ದಿನ ದೋಣಿ ನಿಂತರೆ ಗುತ್ತಿಗೆ ಹರಾಜಿನಲ್ಲಿ ಎರಡನೆಯವನಾಗಿ ಕೂಗಿದವನ ಪಾಲು. ಕಳೆದ ಶುಕ್ರವಾರದ ಸಂತೆ ಹೋಯಿತು. ಇವತ್ತು ಬುಧವಾರ.

ಹೋದ ಶುಕ್ರವಾರ ದೋಣಿ ನಿಂತದ್ದು ಅಂಜಿನಯ್ಯನವರ ಕೈತಪ್ಪಿನಿಂದ. ಅದನ್ನು ಅವರು ಮುಚ್ಚಿಡುವುದಿಲ್ಲ. ಸವೆದ ಹಳೆಯ ಚಕ್ರವನ್ನು ಮರಿಯಪ್ಪ ತಂದುಕೊಟ್ಟಾಗ ಅದನ್ನೇ ಅಚ್ಚಿಗಿಟ್ಟು, ಗುಜರಿಯಿಂದ ತಂದ ಕಂಚು ಕರಗಿಸಿ, ಕೂದಲೆಳೆ ವ್ಯತ್ಯಾಸವಿಲ್ಲದಂತೆ ಇನ್ನೊಂದು ಎರಕ ಹೊಯ್ದರು. ಹೊಸತು ಫಳಫಳ ಹೊಳೆಯಿತು. ಅವಸರದಲ್ಲಿ ತಕ್ಕಡಿಗೂ ಕಟ್ಟಲಿಲ್ಲ. ಸಂತೆಯ ಬೆಳಿಗ್ಗೆ ಇಪ್ಪತ್ತು ಜನ, ಆರು ಮೂಟೆ ಹೊತ್ತ ದೋಣಿ ನಡುನೀರಿನಲ್ಲಿ ನಿಂತೇಬಿಟ್ಟಿತು. ಹರಿಗೋಲಿನವರು ಬಂದು ಹಗ್ಗ ಕಟ್ಟಿ ಎಳೆದೊಯ್ದರು.

ಮರಿಯಪ್ಪ ಚಕ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಎಂಜಿನ್ನನ್ನೂ ಹೊತ್ತು ಬಂದರು. ಬೈಯಲಿಲ್ಲ. “ಅಣ್ಣ, ಎಂಜಿನ್ ಕೂಗ್ತದೆ, ದೋಣಿ ಮಾತ್ರ ಕದಲಾಕಿಲ್ಲ” ಎಂದಷ್ಟೇ ಹೇಳಿ, ಪಾಪಮ್ಮನ ಕೈಗೆ ಒಣಮೀನಿನ ಪೊಟ್ಟಣ ಕೊಟ್ಟರು.

“ಆ ಮೀನು ನನ್ನ ಗಂಟಲಲ್ಲಿ ಇಳೀಲಿಲ್ಲ” ಎನ್ನುತ್ತಾರೆ ಅಂಜಿನಯ್ಯ. “ಆರು ವರ್ಷ ಮರಳು ಆ ರೆಕ್ಕೆ ತಿಂದಿದೆ. ನಾನು ಆ ತಿಂದಿದ್ದನ್ನೂ ಸೇರಿಸಿ ನಕಲು ಹೊಡೆದೆ. ಮುದುಕನ ಅಳತೆ ತಗೊಂಡು ಮದುಮಗನಿಗೆ ಅಂಗಿ ಹೊಲಿದ ಹಾಗಾಯ್ತು.”

ಹೊಸ ಚಕ್ರ ಕಣ್ಣಿಂದ ನೋಡೋಣವೆಂದರೆ ಊರಲ್ಲಿ ಎಲ್ಲೂ ಇಲ್ಲ. ಹಳೆಯದನ್ನೇ ಮೂರು ದಿನ ತೊಡೆಯ ಮೇಲಿಟ್ಟುಕೊಂಡು ಸವರಿದರು. ಮರಳು ತಿಂದದ್ದು ರೆಕ್ಕೆಯ ತುದಿ, ಅಂಚು. ನಡುಗುಂಬದ ಹತ್ತಿರ, ಬುಡದಲ್ಲಿ, ಕಂಪನಿಯ ಬಣ್ಣ ಕೂಡ ಹೋಗಿರಲಿಲ್ಲ. ಬುಡದ ಓರೆ ಎಷ್ಟಿದೆಯೋ ಅದನ್ನೇ ಹಿಡಿದು, ತುದಿಯವರೆಗೆ ಜೇನುಮೇಣ ಹಚ್ಚಿ ಹಚ್ಚಿ ಬೆಳೆಸಿದರು. ಮೇಣ ಮೆದುವಾಗಲೆಂದು ಪಾಪಮ್ಮ ಬಿಸಿನೀರಿನ ಬಟ್ಟಲು ಬದಲಿಸುತ್ತಲೇ ಇದ್ದರು. ನಿನ್ನೆ ಸಂಜೆ ಎರಕವಾಯಿತು.

ಗೋಡೆಯ ಮೇಲೆ, ಎಂಜಿನ್ ಮೊದಲ ಸಲ ಇಲ್ಲಿಗೆ ಬಂದ ದಿನ ಬರೆದದ್ದು: ನೂರತೊಂಬತ್ತು. ಈಚೆಗೆ ಬರೆದದ್ದು, ವಾಪಸು ಬಂದ ಮೇಲೆ ತೂಗಿದ ತಪ್ಪು ಚಕ್ರದ್ದು: ನೂರನಲವತ್ತನಾಲ್ಕು.

ನೀರು ಗೀಟು ಮುಟ್ಟುತ್ತದೆ. ಅಂಜಿನಯ್ಯ ದಾರ ಎಳೆಯುತ್ತಾರೆ. ಎಂಜಿನ್ ಮೂರನೇ ಎಳೆತಕ್ಕೆ ಹೊಗೆ ಕಾರಿ ಎದ್ದು ಅರಚುತ್ತದೆ. ತೊಟ್ಟಿಯ ನೀರು ಕುದಿಯುತ್ತದೆ, ಚೌಕಟ್ಟು ಮುಂದಕ್ಕೆ ಜಗ್ಗುತ್ತದೆ, ಹೊಂಗೆಮರ ಅಲುಗಿ ಇಬ್ಬನಿ ಉದುರುತ್ತದೆ. ತಕ್ಕಡಿಯ ಮುಳ್ಳು ನೂರೆಪ್ಪತ್ತಾರಕ್ಕೆ ಹೋಗಿ ನಡುಗುತ್ತ ನಿಲ್ಲುತ್ತದೆ.

“ಆಯ್ತಲ್ಲಣ್ಣ, ಇಷ್ಟಿದ್ರೆ ದಾಟ್ಕೋತೀನಿ” ಎನ್ನುತ್ತಾರೆ ಮರಿಯಪ್ಪ.

“ಗಾಳಿ ಎದ್ರೆ? ಇಪ್ಪತ್ತು ಜನ ಕೂತಿರ್ತಾರೆ ಕಣಯ್ಯ. ಮುಳ್ಳು ನಡುಗ್ತಾ ಇದೆ, ನೋಡಿದ್ಯಾ? ಒಂದು ರೆಕ್ಕೆ ಭಾರ ಇದೆ.”

ಚಕ್ರ ಬಿಚ್ಚಿ, ನಡುವೆ ಕಡ್ಡಿ ತೂರಿಸಿ, ಎರಡು ಕ್ಷೌರದ ಬ್ಲೇಡುಗಳ ಅಂಚಿನ ಮೇಲೆ ಕೂರಿಸುತ್ತಾರೆ. ಚಕ್ರ ತಾನಾಗಿ ಉರುಳಿ ನಿಲ್ಲುತ್ತದೆ. ಮತ್ತೆ ಉರುಳಿಸುತ್ತಾರೆ.

“ಅದೇ ರೆಕ್ಕೆ ಮತ್ತೆ ಕೆಳಗೆ ಬಂತು ನೋಡಿ” ಎನ್ನುತ್ತಾರೆ ಪಾಪಮ್ಮ. ಅದಕ್ಕೆ ಕುಂಕುಮದ ಬೊಟ್ಟಿಟ್ಟು ಗುರುತು ಮಾಡುತ್ತಾರೆ.

ಅಂಜಿನಯ್ಯ ಅರ ಹಿಡಿಯುತ್ತಾರೆ. ಉಜ್ಜುವುದು, ಉರುಳಿಸುವುದು, ಮತ್ತೆ ಉಜ್ಜುವುದು. ಅಷ್ಟರಲ್ಲಿ ಸೈರನ್ ಕೂಗುತ್ತದೆ. ಹೊತ್ತು ಮೀರಿ ಗೇಟಿಗೆ ಹೋದವರಿಗೆ ಅರ್ಧ ದಿನದ ಸಂಬಳ ಖೋತಾ. ಪಾಪಮ್ಮ ಬುತ್ತಿಯನ್ನು ಸೈಕಲ್ಲಿಗೆ ಕಟ್ಟಿಯಾಗಿದೆ. ಗಂಡನ ಮುಖ ನೋಡಿ, ಅದನ್ನು ಬಿಚ್ಚಿ ಜಗಲಿಯ ಮೇಲಿಡುತ್ತಾರೆ. ಅಷ್ಟು ಹೊತ್ತಿಗೆ ಡಿಪೋ ಬಾಗಿಲು ತೆರೆದಿರಬೇಕು. ಆದರೂ ತಕ್ಕಡಿ ಕೇಳಿಕೊಂಡು ಏಕಾಂತಯ್ಯನವರ ಕಡೆಯಿಂದ ಯಾರೂ ಬರುವುದಿಲ್ಲ.

ಕೊನೆಗೆ ಕುಂಕುಮದ ರೆಕ್ಕೆ ಒಂದು ಸಲ ಮೇಲೆ, ಒಂದು ಸಲ ಪಕ್ಕಕ್ಕೆ ನಿಲ್ಲುತ್ತದೆ. ಯಾವ ರೆಕ್ಕೆಗೂ ಕೆಳಗೆ ಬರುವ ಆತುರವಿಲ್ಲ. ಚಕ್ರ ಮತ್ತೆ ನೀರಿಗೆ ಇಳಿಯುತ್ತದೆ. ಈ ಸಲ ಎಂಜಿನ್ನಿನ ಅರಚಾಟದಲ್ಲಿ ಗಂಟಲು ಕಟ್ಟಿದ ಸದ್ದಿಲ್ಲ. ಮುಳ್ಳು ನೂರಎಂಬತ್ತು ದಾಟುತ್ತದೆ, ನೂರಎಂಬತ್ತೈದು ದಾಟುತ್ತದೆ, ನೂರಎಂಬತ್ತೆಂಟರಲ್ಲಿ ಅಲುಗದೆ ನಿಲ್ಲುತ್ತದೆ.

ಮರಿಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಮುಖದ ಮೇಲೆ ನೀರೂ ಸಿಡಿದಿದೆ. ಇನ್ನು ಅವರು ಹತ್ತು ಗಂಟೆಯ ಮೈಸೂರು ಬಸ್ಸು ಹಿಡಿಯಬೇಕು. ಕಂಚು, ಇದ್ದಿಲು, ಮೇಣಕ್ಕೆಂದು ಅಂಜಿನಯ್ಯ ಹೋದ ಸಲ ಮೂವತ್ತು ರೂಪಾಯಿ ತೆಗೆದುಕೊಂಡಿದ್ದರು. ಈ ಸಲ ಏನೂ ಬೇಡವೆನ್ನುತ್ತಾರೆ. ದನಗಳು ನೀರಿಗೆ ಬರುವ ಹೊತ್ತಾಯಿತೆಂದು ಪಾಪಮ್ಮ ಹಳೇ ಸೀರೆಯ ತುಂಡನ್ನು ತೊಟ್ಟಿಯ ಉದ್ದಕ್ಕೂ ಎಳೆದು ಎಣ್ಣೆಯ ಪೊರೆ ತೆಗೆಯುತ್ತಾರೆ.

ಇಷ್ಟು ಎಂಜಿನ್ ರಿಪೇರಿ ಮಾಡಿದ ಅಂಜಿನಯ್ಯ ಬಸ್ರಾ ಬಿಟ್ಟ ಮೇಲೆ ದೋಣಿ ಹತ್ತಿಲ್ಲ. “ಒಂದು ಸಲ ಇವನ ದೋಣೀಲಿ ಕೂತು ಆಚೆ ದಡಕ್ಕೆ ಹೋಗಿಬರಬೇಕು. ಕಾಸು ಕೊಟ್ಟೇ ಕೂರ್ತೀನಿ. ಇವಳನ್ನೂ ಕರ್ಕೊಂಡು.”

“ಅಷ್ಟು ನೀರು ಕಂಡ್ರೆ ನನಗೆ ತಲೆ ತಿರುಗುತ್ತೆ” ಎನ್ನುತ್ತಾರೆ ಪಾಪಮ್ಮ.

“ದಿನಾ ನಲವತ್ತು ಬಿಂದಿಗೆ ಸೇದೋ ನಿಂಗಾ ತಲೆ ತಿರುಗೋದು?” ಎನ್ನುತ್ತ ಅಂಜಿನಯ್ಯ ಇದ್ದಿಲ ಚೂರು ಹಿಡಿದು ಗೋಡೆಯ ಮುಂದೆ ನಿಲ್ಲುತ್ತಾರೆ.

“ನೂರತೊಂಬತ್ತು ಅಂತ್ಲೇ ಬರಿ ಅಣ್ಣ” ಎನ್ನುತ್ತಾರೆ ಮರಿಯಪ್ಪ. “ಎಲ್ಡು ರಾತ್ಲು ಯಾರು ನೋಡ್ತಾರೆ?”

“ಮುಂದಿನ ಚಕ್ರ ಮಾಡೋವಾಗ ನಾನು ನೋಡ್ತೀನಲ್ಲಯ್ಯ” ಎಂದು ಹೇಳಿ, ಅಂಜಿನಯ್ಯ ದಪ್ಪ ಅಂಕಿಯಲ್ಲಿ ನೂರಎಂಬತ್ತೆಂಟು ಬರೆಯುತ್ತಾರೆ.